ಕೊರ್ಡೊಬಾದಿಂದ ತಂಗಿಗೆ ಹೇಳಿದ್ದು

ನಾರ್ತ್ ಸಿಡ್ನಿಯ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕೆಲಸ. ದಕ್ಷಿಣ ಸ್ಪೇನಿನ ಹಳೆಯ ಕಟ್ಟಡಗಳನ್ನು ನೋಡಬೇಕೆಂಬುದು ಬಹಳ ದಿನದ ಆಸೆಯಾಗಿತ್ತು. ನಾನೂ ನನ್ನ ಗಂಡನೂ ಸೆವಿಲ್ಲಾ ಮುಗಿಸಿ ಕೊರ್ಡೊಬಾಕ್ಕೆ ಬಂದು, ಹಳೆಯ ಮನೆಯೊಂದನ್ನು ಹೋಟೆಲು ಮಾಡಿದ್ದಲ್ಲಿ ಇಳಿದಿದ್ದೆವು. ಬೆಳಿಗ್ಗೆ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೆಲ್ಬರ್ನ್‌ನಿಂದ ತಂಗಿಯ ಗಂಡ ಫೋನ್ ಮಾಡಿದ. ಬಾಕ್ಸ್ ಹಿಲ್‌ನ ತನ್ನ ಆಫೀಸಿನಲ್ಲಿ ಲಿಫ್ಟಿಗೆ ಕಾಯುತ್ತ ನಿಂತಿದ್ದ ತಂಗಿ ಅಲ್ಲೇ ಕುಸಿದುಬಿದ್ದಿದ್ದಳು. ಮಿದುಳಿನಲ್ಲಿ ರಕ್ತಸ್ರಾವ. ಆಪರೇಷನ್ ಆಗಿತ್ತು, ಎಚ್ಚರವಾಗಿರಲಿಲ್ಲ.

ನನ್ನ ಗಂಡ ಕೂತಲ್ಲೇ ಟಿಕೆಟ್ ಹುಡುಕತೊಡಗಿದರು. "ಮ್ಯಾಡ್ರಿಡ್‌ನಿಂದ ನಾಳೆ ಸಂಜೀದಽ ಸಿಗೋದು. ಇವತ್ತ ಯಾವುದರಾಗೂ ಸೀಟಿಲ್ಲ."

"ನಿಂತ್ಕೊಂಡರ ಹೋಗತೀನಿ, ನೋಡ್ರಿ," ಎಂದೆ. ವಿಮಾನದಲ್ಲಿ ಯಾರೂ ನಿಂತು ಹೋಗುವುದಿಲ್ಲವೆಂದು ಅವರು ಹೇಳಲಿಲ್ಲ. ಮತ್ತೆ ಹುಡುಕಿದರು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಬಂತು. "ಅಕ್ಕಾರ, ಅಕಿಗೆ ಕೇಳಸ್ತಿರಬಹುದು ಅಂತ ನರ್ಸ್ ಹೇಳ್ಯಾಳ. ಕಿವಿಗೆ ಫೋನ್ ಹಿಡೀತೀನಿ. ಏನರ ಮಾತಾಡ್ರಿ."

"ನಾ ಬರಲಿಕ್ಕತ್ತೀನವಾ, ಗಟ್ಟಿಯಾಗಿರು," ಎಂದೆ. ಅದನ್ನೇ ಇನ್ನೊಮ್ಮೆ ಅಂದೆ. ಮುಂದೆ ಮಾತು ಹೊಳೆಯಲಿಲ್ಲ, ಅಳು ಬಂತು.

"ಅಳಬ್ಯಾಡ್ರಿ ಅಕ್ಕಾರ, ಅಕಿಗೆ ಅಳೂದು ಕೇಳಸಬಾರದು," ಎಂದ ಅವನು.

ನನ್ನೆದುರಿಗೆ ಒಂದು ಬಾವಿಯಿತ್ತು. "ಇಲ್ಲೊಂದು ಬಾವಿ ಅದ," ಎಂದೆ. "ಕಟ್ಟಿ ಅಮೃತಶಿಲಾದ್ದು. ಹಗ್ಗ ಉಜ್ಜಿ ಉಜ್ಜಿ ಅಂಚಿಗೆ ಗೀರು ಬಿದ್ದಾವ, ಬೆರಳಿಟ್ರ ಒಳಗ ಕೂಡತದ. ಗ್ವಾಡಿಗೆ ಅರ್ಧದ ತನಕಾ ಟೈಲ್ಸ್ ಅದಾವ, ಹಸರು, ನೀಲಿ. ಒಂದನ್ನ ತಲಿಕೆಳಗ ಕೂಡಿಸ್ಯಾರ ನೋಡು, ಯಾರಿಗೂ ಗೊತ್ತೇ ಆಗಿಲ್ಲ."

"ಅಕ್ಕಾರ, ಬೆರಳು ಅಲುಗಿದ್ವು!" ಎಂದು ಅವನು ಕೂಗಿದ. "ನಿಲ್ಲಸಬ್ಯಾಡ್ರಿ!"

ನಾನು ಫೋನ್ ಹಿಡಿದೇ ಬೀದಿಗಿಳಿದೆ. ದೊಡ್ಡ ಬಾಗಿಲಿನೊಳಗೇ ಒಂದು ಸಣ್ಣ ಬಾಗಿಲು. ಬಾಗಿಲು ಬಡಿಯಲು ಮುಷ್ಟಿಯ ಆಕಾರದ ಕಬ್ಬಿಣದ ಹಿಡಿ. ಕೆಳಭಾಗದಲ್ಲಿ ಬಸುರಿಯ ಹೊಟ್ಟೆಯಂತೆ ಮುಂದೆ ಬಂದ ಕಿಟಕಿಯ ಸರಳುಗಳು. ಕಂಡದ್ದನ್ನೆಲ್ಲ ಹೇಳುತ್ತ ಹೋದೆ. ಹೇಳಲು ಇನ್ನೊಂದು ಸಿಕ್ಕರೆ ಅವಳು ಇನ್ನೊಂದು ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಹೇಗೋ ನಂಬಿಬಿಟ್ಟಿದ್ದೆ. ಸುಣ್ಣ ಬಳಿದ ಬರಿಗೋಡೆ ಬಂದರೆ ಹೇಳಲು ಏನೂ ಇರುತ್ತಿರಲಿಲ್ಲ. ಅದನ್ನು ಓಡಿಯೇ ದಾಟುತ್ತಿದ್ದೆ. ನನ್ನ ಗಂಡ ನೀರಿನ ಬಾಟಲಿ ಹಿಡಿದು ಹಿಂದೆ ಬರುತ್ತಿದ್ದರು.

ಊರಿನ ದೊಡ್ಡ ಹಳೆಯ ಮಸೀದಿಯೊಳಗೂ ಹೋದೆ. "ಕಂಬ ಎಲ್ಲಾ ಬ್ಯಾರೆ ಬ್ಯಾರೆ ಕಟ್ಟಡದಿಂದ ತಂದದ್ದು. ಒಂದಕ್ಕೊಂದು ಜೋಡಿ ಇಲ್ಲ. ಗಿಡ್ಡದ್ದಕ್ಕ ಕೆಳಗ ಕಲ್ಲು ಕೊಟ್ಟಾರ. ಮ್ಯಾಲೆ ಕಮಾನು, ಒಂದು ಇಟ್ಟಿಗಿ, ಒಂದು ಕಲ್ಲು, ಕೆಂಪು, ಬಿಳಿ..." ಕಾವಲಿನವನು ಬಂದು ಫೋನ್ ಕೆಳಗಿಡಲು ಸನ್ನೆ ಮಾಡಿದ. "ಹಾಸ್ಪಿಟಲ್," ಎಂದೆ. ಆ ಒಂದು ಪದ ಅವನಿಗೂ ತಿಳಿಯಿತು. ಮುಖ ಆ ಕಡೆ ತಿರುಗಿಸಿ ನಿಂತ.

ಹೊರಗೆ ಬಂದಾಗ ತಂಗಿಯ ಗಂಡ ಮೆಲ್ಲಗೆ ಹೇಳಿದ: "ಬೆರಳು ಅಲುಗೋದು ತನ್ನಷ್ಟಕ್ಕ ಆಗತದಂತ, ಅಕ್ಕಾರ. ಕೇಳಿಸಿದ್ದಕ್ಕಲ್ಲಂತ." ಆಮೇಲೆ ತಡೆದು, "ಹಂಗಂತ ಬಿಡಬ್ಯಾಡ್ರಿ," ಎಂದ. ಬಿಡಲಿಲ್ಲ. ಆಸ್ಪತ್ರೆಯವರು ಅವನನ್ನು ಹೊರಗೆ ಕಳಿಸುವವರೆಗೂ ಮಾತಾಡಿದೆ.

ಮರುದಿನ ವಿಮಾನದಲ್ಲಿ ಫೋನ್ ಇಲ್ಲ. ನನಗರಿವಿಲ್ಲದೆ ತುಟಿ ಅಲುಗುತ್ತಿತ್ತು. ನನ್ನ ಗಂಡ ಕೈ ಹಿಡಿದರು. "ಸಾಕು. ಈಗ ಅಕಿಗೆ ಕೇಳಸೂದಿಲ್ಲ."

"ನಿಮಗ ಹೆಂಗ ಗೊತ್ತು?" ಎಂದು ಚೀರಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮೆಲ್ಬರ್ನ್ ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಹೋದೆವು. ಜೀವವಿತ್ತು. ಅರ್ಧ ತಲೆ ಬೋಳಿಸಿದ್ದರು, ಮುಖ ಊದಿಕೊಂಡಿತ್ತು. ಅವಳ ಅಂಗಾಲು ತಣ್ಣಗಿದ್ದವು. ಅವನ್ನು ತಿಕ್ಕುತ್ತ ಕೂತೆ.

ಕೆಲವು ದಿನಗಳ ಮೇಲೆ ಕಣ್ಣು ತೆರೆದಳು. ಈಗ ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ತನ್ನ ಮನೆಯಲ್ಲಿದ್ದಾಳೆ. ಬಲಗೈ ಏಳುವುದಿಲ್ಲ, ಮಾತು ಅದಲುಬದಲಾಗುತ್ತದೆ. ಫೋನಿನಲ್ಲಿ ನಾನು ಹೇಳಿದ್ದು ಅವಳಿಗೆ ಒಂದೂ ನೆನಪಿಲ್ಲ. ರಜೆ ಸಿಕ್ಕಾಗಲೆಲ್ಲ ಸಿಡ್ನಿಯಿಂದ ಹೋಗುತ್ತೇನೆ. ಅವಳ ಮಗಳು ಚಿತ್ರದ ಕಾರ್ಡ್ ಹಿಡಿದು, "ಅಮ್ಮಾ, ವಾಟ್ ಈಸ್ ದಿಸ್?" ಎಂದು ಕೇಳುತ್ತಾಳೆ. ತಂಗಿ ಚಮಚವನ್ನು ಬಸ್ಸು ಅನ್ನುತ್ತಾಳೆ, ತಪ್ಪೆಂದು ತನಗೇ ತಿಳಿದು ಕಾರ್ಡ್ ಎಸೆಯುತ್ತಾಳೆ. ಬರುವ ಮಾತು ಹೆಚ್ಚಾಗಿ ಮೊದಲ ವರ್ಷದಲ್ಲೇ ಬರುತ್ತದೆ ಎಂದಿದ್ದರು ಡಾಕ್ಟರು. ಆ ವರ್ಷ ಮುಗಿದಿದೆ.

ನನ್ನನ್ನು ಅವಳು "ನೀರು" ಎಂದು ಕರೆಯುತ್ತಾಳೆ. ಮೊದಲ ಸಲ ಲೋಟ ತುಂಬಿಸಿ ತಂದೆ. ಅವಳು ಅದನ್ನು ತಳ್ಳಿ, ನನ್ನ ಎದೆಯತ್ತ ಬೆರಳು ತೋರಿಸುತ್ತ, "ನೀರು, ನೀರು," ಎಂದು ಅತ್ತಳು. ಈಗ ಹಾಗೆ ಕರೆದ ಕೂಡಲೇ, "ಏನವಾ," ಎನ್ನುತ್ತ ಹೋಗಿ ಪಕ್ಕದಲ್ಲಿ ಕೂರುತ್ತೇನೆ.