ಒಂದೇ ಸಲ ಬಳಿದ ಮಸಿ

ಮಸಿಯಕ್ಕನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅವಳು ಮುಖ ಗಂಟಿಕ್ಕಿಕೊಂಡು, "ಹೆಸರು ಮುಚ್ಚೋದು" ಅನ್ನುತ್ತಿದ್ದಳು. ಸುಳ್ಳೇನಲ್ಲ. ಚುನಾವಣೆಗೆ ನಿಂತವರೆಲ್ಲ ತಮ್ಮ ತೆರಿಗೆ ರಿಟರ್ನ್ ತಂದುಕೊಡಬೇಕು, ಅದನ್ನು ಚುನಾವಣಾ ಕಚೇರಿಯ ಪಡಸಾಲೆಯಲ್ಲಿ ಗಾಜಿನೊಳಗೆ ತೂಗುಹಾಕಿ ಊರಿಗೆಲ್ಲ ತೋರಿಸಬೇಕು. ಅಭ್ಯರ್ಥಿಯ ಹೆಸರು, ಆದಾಯ, ಖರ್ಚು ಎಲ್ಲ ಬಯಲಿಗೆ. ಆದರೆ ಅವರ ಮಕ್ಕಳ, ಕೆಲಸದವರ ಹೆಸರು ಮಾತ್ರ ಕಾಣಬಾರದು. ಅದನ್ನು ಮುಚ್ಚುವವಳು ಇವಳು. ಮೊದಲು ಉದ್ದಕ್ಕೆ ಒಂದು ಸಲ ಮಸಿ, ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಸಲ. ಒಂದೇ ಸಲ ಬಳಿದು ಬಿಟ್ಟರೆ, ಬೆಳಕಿಗೆ ಹಿಡಿದಾಗ ಅಕ್ಷರ ಎದ್ದು ಕಾಣುತ್ತದೆ. ಹೊಸಬರು ಮಾಡುವ ತಪ್ಪು ಅದೇ. "ನಿನ್ನ ಕೈಗೆ ಸಿಕ್ಕ ಹೆಸರು ಸತ್ತ ಹಾಗೇ" ಎಂದು ಕಚೇರಿಯ ಸಾಹೇಬರು ತಮಾಷೆ ಮಾಡಿದರೆ ಮಸಿಯಕ್ಕನಿಗೆ ಹೆಮ್ಮೆಯೇ ಆಗುತ್ತಿತ್ತು.

ಮನೆಯಲ್ಲಿ ಅವಳೂ ಅಮ್ಮನೂ ಇಬ್ಬರೇ. ಅಮ್ಮನಿಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಬಾಗಿಲ ಮುಂದಿನ ಮೆಟ್ಟಿಲ ಕಲ್ಲು ಸಡಿಲವಾಗಿತ್ತು. ಯಾರು ಕಾಲಿಟ್ಟರೂ ಕಟಕ್ ಅನ್ನುತ್ತಿತ್ತು. ಆ ಸದ್ದಾದಾಗಲೆಲ್ಲ ಅಮ್ಮ ಒಳಗಿನಿಂದಲೇ, "ಬಂದನಾ?" ಅನ್ನುವಳು. ಹಾಲಿನವನು ಬಂದರೂ ಅದೇ, ಬೆಕ್ಕು ಬಂದರೂ ಅದೇ. ಅವಳು ಕೇಳುತ್ತಿದ್ದುದು ಮಗನನ್ನು, ಅಂದರೆ ಮಸಿಯಕ್ಕನ ತಮ್ಮನನ್ನು. ಅವನು ಬಸ್ ಸಾಹುಕಾರರ ಕಾರು ಓಡಿಸುತ್ತಿದ್ದ. ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕಾರು ರಿಪೇರಿಗೆಂದು ತೆಗೆದುಕೊಂಡು ಹೋದ. ಕಾರು ವಾಪಸು ಬಂತು, ಅವನು ಬರಲಿಲ್ಲ. "ಕೆಲಸ ಬಿಟ್ಟು ಹೋದ ಕಣಮ್ಮ" ಎಂದು ಸಾಹುಕಾರರು ಕೈ ತೊಳೆದುಕೊಂಡರು. ಪೊಲೀಸರು ಹುಡುಕಿದ ಹಾಗೆ ಮಾಡಿದರು. ಅಂದಿನಿಂದ ಅಮ್ಮ ಬಾಗಿಲಿಗೆ ಚಿಲಕ ಹಾಕಲು ಬಿಟ್ಟಿರಲಿಲ್ಲ.

ಈ ಸಲ ಆ ಸಾಹುಕಾರರೇ ಚುನಾವಣೆಗೆ ನಿಂತರು. "ಮುಚ್ಚಿಡೋಕೆ ನನ್ನ ಹತ್ರ ಏನ್ರೀ ಇದೆ?" ಎಂದು ಮೈಕಿನಲ್ಲಿ ಕೂಗಿ, ರಿಟರ್ನಿನ ಕಟ್ಟನ್ನು ಮೆರವಣಿಗೆಯಲ್ಲಿ ತಂದು ಒಪ್ಪಿಸಿದರು. ಕಟ್ಟು ಮಸಿಯಕ್ಕನ ಮೇಜಿಗೆ ಬಂತು. ಸಂಬಳದ ಪುಟ ತೆರೆದವಳ ಕುಂಚ ಅಲ್ಲೇ ನಿಂತಿತು. ಡ್ರೈವರ್ ಎಂಬ ಸಾಲಿನಲ್ಲಿ ತಮ್ಮನ ಹೆಸರು, ಅಪ್ಪನ ಹೆಸರಿನ ಸಮೇತ. ಹೋದ ವರ್ಷದ ಸಂಬಳ. ಅದರ ಹಿಂದಿನ ವರ್ಷದ್ದೂ. ಬದುಕಿದ್ದಾನೆಯೇ? ಇದೇ ಊರಲ್ಲಿ?

ಮಧ್ಯಾಹ್ನ ರಜೆ ಹಾಕಿ ಸಾಹುಕಾರರ ಮನೆಗೆ ಹೋದಳು. ಕಸ ಗುಡಿಸುತ್ತಿದ್ದವಳು ತಲೆ ಎತ್ತದೆಯೇ, "ಡ್ರೈವರಣ್ಣನಾ? ಈಗ ಇಲ್ಲೇ ಇದ್ರು, ಹೊರಗೆ ಹೋದ್ರು" ಅಂದಳು.

ಮಾಲಿಯನ್ನು ಕೇಳಿದಳು. "ಡ್ರೈವರಣ್ಣನಾ? ಈಗ ಇಲ್ಲೇ ಇದ್ರು, ಹೊರಗೆ ಹೋದ್ರು."

ಅದೇ ಮಾತು, ಅದೇ ರಾಗ. ಅಡುಗೆಯವನೂ ಅದನ್ನೇ ಒಪ್ಪಿಸಿದ. ಕಾರು ಮಾತ್ರ ಶೆಡ್ಡಿನಲ್ಲೇ ನಿಂತಿತ್ತು. ಪಕ್ಕದ ಕೋಣೆಯಲ್ಲಿ ಒಂದು ಹಾಸಿಗೆ, ಮೊಳೆಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್, ಕಿಟಕಿಯಲ್ಲಿ ಇನ್ನೂ ಹಬೆಯಾಡುವ ಒಂದು ಲೋಟ ಚಹಾ. ಮಸಿಯಕ್ಕ ಅಂಗಿಯನ್ನು ಮೂಗಿಗೆ ಹಿಡಿದಳು. ಬೆವರಿನ ವಾಸನೆಯೇ ಇಲ್ಲ. ಹಾಸಿಗೆಯ ಕೆಳಗಿದ್ದ ಚಪ್ಪಲಿಯ ಅಡಿಗೆ ಮಣ್ಣೇ ತಾಗಿಲ್ಲ. ಅವಳಿಗೆ ಎಲ್ಲ ಅರ್ಥವಾಯಿತು. ಇಲ್ಲದವನ ಸಂಬಳವನ್ನು ಖರ್ಚಿಗೆ ಬರೆದು ತೆರಿಗೆ ಉಳಿಸುತ್ತಿದ್ದಾರೆ, ಯಾರಾದರೂ ವಿಚಾರಿಸಲು ಬಂದರೆ ಇರಲಿ ಅಂತ ಇಡೀ ಮನೆಗೇ ಪಾಠ ಹೇಳಿಕೊಟ್ಟಿದ್ದಾರೆ. ಹಾಗಾದರೆ ತಮ್ಮ ಎಂದೂ ತಿರುಗಿ ಬರುವುದಿಲ್ಲ ಅನ್ನುವುದು ಅವರಿಗೆ ಖಾತ್ರಿಯಾಗಿ ಗೊತ್ತಿದೆ.

ಕಚೇರಿಗೆ ಬಂದವಳು ಆ ಸಾಲಿಗೆ ಒಂದೇ ಸಲ ಮಸಿ ಬಳಿದಳು. ಕೆಲಸ ಹೋದರೆ ಹೋಗಲಿ ಅನ್ನುವಷ್ಟು ಸಿಟ್ಟು ಬಂದಿತ್ತು. ಪಡಸಾಲೆಯ ಗಾಜಿನ ಚೌಕಟ್ಟು ಇದ್ದದ್ದು ಕಿಟಕಿಗೆ ಅಡ್ಡಲಾಗಿ. ಮರುದಿನ ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ, ಮಸಿಯ ಒಳಗಿನಿಂದ ತಮ್ಮನ ಹೆಸರು ಮೆಲ್ಲಗೆ ಮೇಲೆದ್ದು ಬಂತು. ತಮ್ಮ ಕಾಣೆಯಾದ ವಿಷಯ ಕೇಳಿ ಬಲ್ಲ ಪತ್ರಿಕೆಯವನೊಬ್ಬ ಅದನ್ನು ಓದಿ, ಸಾಹುಕಾರರ ಸಂಜೆಯ ಪ್ರಚಾರ ಸಭೆಯಲ್ಲಿ ಕೇಳಿಯೇಬಿಟ್ಟ: "ಕಾಣೆಯಾದವನಿಗೆ ಸಂಬಳ ಕೊಡ್ತಿದೀರಲ್ಲ, ಎಲ್ಲಿದಾನೆ ಅವನು?"

ಸಾಹುಕಾರರು ನಕ್ಕರು. "ಹೋಗಿದ್ದ ನಿಜ. ಆಮೇಲೆ ವಾಪಸು ಬಂದ. ಮನೆಗೆ ಹೋಗೋಕೆ ನಾಚಿಕೆ ಅವನಿಗೆ. ನಾಳೆ ನಾನೇ ಕಳಿಸ್ತೀನಿ, ನೀವೂ ಬನ್ನಿ."

ಕಳಿಸಿದರು ಕೂಡ, ಎಂಥ ಗಂಡೆದೆ ನೋಡಿ! ಮೆಟ್ಟಿಲು ಕಟಕ್ ಅಂದಿತು. "ಬಂದನಾ?" ಅಂದಳು ಅಮ್ಮ.

"ಬಂದೆ ಅಮ್ಮಾ."

ಹೊಸ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಆ ಯೂನಿಫಾರ್ಮ್ ತೊಟ್ಟವನೊಬ್ಬ ಒಳಗೆ ಬಂದ. ಹಿಂದೆಯೇ ಪತ್ರಿಕೆಯವನು, ಕ್ಯಾಮೆರಾದವರು. ತಮ್ಮನ ಎತ್ತರವೇ, ಮುಖ ಮಾತ್ರ ಯಾರದೋ. ಅಮ್ಮ ಆ ಮುಖವನ್ನೆಲ್ಲ ಸವರಿ, "ಎಷ್ಟು ಸೊರಗಿದೀಯೋ ನನ್ನಪ್ಪಾ" ಎಂದು ಗೊಳೋ ಎಂದು ಅತ್ತಳು. ಅಷ್ಟು ಚುರುಕು ಕಿವಿಯವಳಿಗೆ ದನಿ ಬೇರೆ ಅಂತ ಗೊತ್ತಾಗಲಿಲ್ಲವೇ? ಗೊತ್ತಾಗುವುದು ಅವಳಿಗೆ ಬೇಡವಾಗಿತ್ತೋ ಏನೋ. ಅವನು ಮಸಿಯಕ್ಕನತ್ತ ತಿರುಗಿ, "ಚೆನ್ನಾಗಿದೀಯಾ ಅಕ್ಕಾ?" ಅಂದ. ತಮ್ಮ ಅವಳನ್ನು ಒಂದು ದಿನವೂ ಅಕ್ಕ ಅಂದವನಲ್ಲ. "ಏ ಕೋತಿ" ಎಂದೇ ಕರೆಯುತ್ತಿದ್ದ.

"ಇವರೇನಾ ನಿಮ್ಮ ತಮ್ಮ?" ಎಂದ ಪತ್ರಿಕೆಯವನು.

ಅಲ್ಲ ಎಂಬ ಒಂದು ಮಾತು ಸಾಕಿತ್ತು. ಸಾಹುಕಾರರ ಬಂಡವಾಳ ಬಯಲಾಗುತ್ತಿತ್ತು, ತಮ್ಮನಿಗೆ ಏನಾಯಿತು ಅಂತ ಯಾರಾದರೂ ಹುಡುಕುತ್ತಿದ್ದರು. ಆದರೆ ಅಮ್ಮ ಆ ಅಪರಿಚಿತನ ಎರಡೂ ಕೈ ಹಿಡಿದುಕೊಂಡು ಅಳುತ್ತಲೇ ನಗುತ್ತಿದ್ದಳು. ಅವಳು ನಕ್ಕು ಎಷ್ಟು ಕಾಲವಾಗಿತ್ತು!

"ಹೌದು" ಅಂದಳು ಮಸಿಯಕ್ಕ. ಉಳಿದಿದ್ದ ಎರಡನೇ ಸಲದ ಮಸಿಯನ್ನು ತಾನೇ ಬಳಿದಂತಾಯಿತು ಅನ್ನಿಸಿತು.

ಬಂದವರೆಲ್ಲ ಹೋದ ಮೇಲೆ ಅವನು ಅವಳ ಹತ್ತಿರ ಬಂದು ಪಿಸುಗುಟ್ಟಿದ: "ಬೇಜಾರು ಮಾಡ್ಕೋಬೇಡಿ. ಸಾಹುಕಾರರು ಇಲ್ಲೇ ಇರು ಅಂದಿದಾರೆ. ಎಲ್ಲೀವರೆಗೆ ಅಂತ ಹೇಳಿಲ್ಲ."

"ಇನ್ನಾದ್ರೂ ಚಿಲಕ ಹಾಕೇ" ಎಂದು ಅಮ್ಮ ಒಳಗಿನಿಂದ ಕೂಗಿದಳು. "ಬರಬೇಕಾದವನು ಬಂದಾಯ್ತಲ್ಲ."

ತುಕ್ಕು ಹಿಡಿದ ಚಿಲಕ ಒಂದೇಟಿಗೆ ಬೀಳಲಿಲ್ಲ. ಮಸಿಯಕ್ಕ ಒತ್ತಿ ಒತ್ತಿ ಹಾಕಿದಳು. ಆಗ ಹೊರಗೆ ಮೆಟ್ಟಿಲ ಕಲ್ಲು ಕಟಕ್ ಅಂದಿತು. ಸ್ವಲ್ಪ ತಡೆದು ಇನ್ನೊಮ್ಮೆ.

ಅಮ್ಮ ಈ ಕಡೆ ತಿರುಗಲೂ ಇಲ್ಲ. "ಬೆಕ್ಕಿರಬೇಕು ಬಿಡು" ಅಂದಳು.

ಮಸಿಯಕ್ಕ ಚಿಲಕದ ಮೇಲಿಟ್ಟ ಕೈ ಹಾಗೇ ಇಟ್ಟುಕೊಂಡು ನಿಂತಿದ್ದಳು. ತೆಗೆದು ನೋಡುವ ಧೈರ್ಯ ಬರಲಿಲ್ಲ.