ತೊಳೆದಿಟ್ಟ ಮಾಂಸ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಆಕೆಗೆ ಮನೆಯಲ್ಲಿಟ್ಟ ಅಡ್ಡಹೆಸರು ‘ಸೈರನ್’. ಊಟದ ಸೈರನ್ ಕೂಗುವುದರೊಳಗೆ ನೂರಾರು ತಟ್ಟೆ ತುಂಬಿಸಬೇಕಾದವಳ ಕೈಕಾಲು, ಮಾತು, ಎಲ್ಲವೂ ಆ ವೇಗಕ್ಕೇ ಒಗ್ಗಿಹೋಗಿದ್ದವು. ಅಲ್ಲಿ ಮಾಂಸವೆಂದರೆ ದೊಡ್ಡ ಹಂಡೆಯಲ್ಲಿ ಕುದಿಯುವುದು, ಅಷ್ಟೇ. ಕೆಂಪಗೆ ಹುರಿಯುವಷ್ಟು ಪುರುಸೊತ್ತು ಯಾರಿಗಿದೆ? ಎಲ್ಲರದೂ ಆದಮೇಲೆ ತಳದಲ್ಲಿ ಉಳಿದದ್ದನ್ನು ಆಕೆ ನಿಂತೇ ತಿನ್ನುತ್ತಿದ್ದಳು, ಅದೂ ಆರಿದ ಮೇಲೆ.

ಅದಕ್ಕೇ ಭಾನುವಾರದ ಸ್ಟೇಕ್, ಬಾಣಲೆಯಲ್ಲಿ ಕೆಂಪಗೆ ಹುರಿದ ದಪ್ಪ ಮಾಂಸದ ತುಂಡು, ಆಕೆಯದು. ಅದೊಂದಕ್ಕೆ ಮಾತ್ರ ಅವಸರವಿಲ್ಲ. ಬೆಳಿಗ್ಗೆಯೇ ಎರಡು ಬೆರಳು ದಪ್ಪದ ಮೂರು ತುಂಡುಗಳಿಗೆ ಉಪ್ಪು ಸವರಿ, ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್ಜಿನಲ್ಲಿ ಬಿಡುವಳು. ಸಂಜೆಯ ಹೊತ್ತಿಗೆ ಉಪ್ಪು ಒಳಗಿಳಿದು, ಮೇಲ್ಮೈ ಕಾಗದದಂತೆ ಒಣಗಿರಬೇಕು. ಒದ್ದೆ ಮಾಂಸ ಬಾಣಲೆಗೆ ಬಿದ್ದರೆ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಮಾಂಸ ಬೇಯುತ್ತದೆ, ಕೆಂಪಾಗುವುದಿಲ್ಲ.

ಆ ಭಾನುವಾರ ಸಂಜೆ ಫ್ರಿಜ್ಜು ತೆರೆದರೆ ಜಾಲರಿ ಖಾಲಿ. ಮಾಂಸ ಕೆಳಗಿನ ಡಬ್ಬಿಯಲ್ಲಿ, ಮೈತುಂಬ ಪ್ಲಾಸ್ಟಿಕ್ ಸುತ್ತಿಸಿಕೊಂಡು, ನೀರು ಒಸರುತ್ತ ಕೂತಿತ್ತು.

ಗಂಡ ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಾಕುಗಳನ್ನು ತೊಳೆದು, ಹಬೆಯಲ್ಲಿಟ್ಟು, ಪೊಟ್ಟಣ ಕಟ್ಟುವವನು. ಮುಚ್ಚದೆ ಇಟ್ಟದ್ದು ಏನೇ ಕಂಡರೂ ಅದು ಕೆಟ್ಟಿತೆಂದೇ ಅವನ ಲೆಕ್ಕ. ಭಾನುವಾರ ಅವನಿಗೆ ಯಾವಾಗಲೂ ಹಗಲು ಡ್ಯೂಟಿ. ಈ ವಾರ ರಾತ್ರಿಗೆ ಬದಲಾಗಿತ್ತು. ಹಾಗಾಗಿ ತೆರೆದಿಟ್ಟ ಮಾಂಸವನ್ನು ಇದೇ ಮೊದಲು ಕಂಡವನು, ಯಾರೋ ಮರೆತಿದ್ದಾರೆಂದು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದಿದ್ದ.

“ಅಪ್ಪ ಅದನ್ನ ಆಪರೇಷನ್‌ಗೆ ರೆಡಿ ಮಾಡಿದಾರೆ, ಅಮ್ಮ,” ಅಂದಳು ಮಗಳು.

“ಒಳ್ಳೇದಕ್ಕೇ ಮಾಡಿದೆ ಕಣೇ. ಬೆಳ್ಳಗೆ ಏನೋ ಅಂಟಿಕೊಂಡಿತ್ತು,” ಅಂದ ಗಂಡ.

“ಉಪ್ಪು ರೀ ಅದು. ಒಂದು ಮಾತು ಕೇಳೋಕೆ ಬಾಯಿ ಇರಲಿಲ್ವಾ?”

ಡ್ಯೂಟಿಗೆ ಹೊರಡುವ ಹೊತ್ತಾಗಿತ್ತು. ಇರಲಿ ಬಿಡು, ಹಾಗೇ ಬಾಣಲೆಗೆ ಹಾಕು, ಹೊಟ್ಟೆಗೆ ಹೋದಮೇಲೆ ಎಲ್ಲ ಒಂದೇ, ಎಂದ ಗಂಡ. ಆಕೆಗೆ ಮೈಯೆಲ್ಲ ಉರಿದುಹೋಯಿತು. ವಾರವಿಡೀ ಕ್ಯಾಂಟೀನಿನಲ್ಲಿ ಕೇಳುವುದೂ ಅದನ್ನೇ: ಹೇಗಾದರೂ ಇರಲಿ, ಬೇಗ ಬಡಿಸು. ಬೇರೆ ದಿನವಾಗಿದ್ದರೆ ಗೊಣಗುತ್ತಲೇ ಒಲೆ ಹಚ್ಚುತ್ತಿದ್ದಳೇನೋ. ಅಂದು ಬಾಣಲೆ ಮುಟ್ಟಲಿಲ್ಲ.

“ನೀವು ಬ್ರೆಡ್ ತಿಂದ್ಕೊಂಡು ಹೋಗಿ. ಇವತ್ತು ನಾನು ಯಾರಿಗೋಸ್ಕರಾನೂ ಓಡಲ್ಲ.”

ಅವನು ಬ್ರೆಡ್ ತಿಂದ, ತಟ್ಟೆಯನ್ನು ಫಳಫಳ ಹೊಳೆಯುವಂತೆ ತೊಳೆದಿಟ್ಟು ಹೊರಟ. ಆ ತಟ್ಟೆ ಕಂಡು ಆಕೆಯ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

ಎರಡು ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಮತ್ತೆ ಉಪ್ಪು ಹಚ್ಚಿದಳು. ಮಗಳು ಟೇಬಲ್ ಫ್ಯಾನ್ ತಂದು ಎದುರಿಗಿಟ್ಟಳು. ಮಾಂಸ ಒಣಗುವವರೆಗೂ ಆಕೆ ಗಂಡನ ಖಾಲಿ ಕುರ್ಚಿಯನ್ನೇ ಬೈಯುತ್ತಿದ್ದಳು. ಕಬ್ಬಿಣದ ಬಾಣಲೆ ಹೊಗೆಯಾಡಿದ ಮೇಲೆ ತುಂಡುಗಳನ್ನು ಅದಕ್ಕೆ ಹಾಕಿದಳು. ಮಗ್ಗುಲು ಬದಲಿಸಿ, ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಕರಗಿದ ಬೆಣ್ಣೆಯನ್ನು ಚಮಚದಿಂದ ಮೇಲೆ ಸುರಿದಳು. ಇಳಿಸಿದ ಮಾಂಸ ಸ್ವಲ್ಪ ಸುಧಾರಿಸಿಕೊಂಡು ರಸ ಹಿಡಿದುಕೊಳ್ಳುವವರೆಗೆ, ಬಾಣಲೆ ಉಜ್ಜಲು ಏಳದೆ ಸುಮ್ಮನೆ ಕೂತಳು.

ಮೊದಲ ತುತ್ತು ಆಕೆಯೇ ತಿಂದಳು, ಕೂತು, ಬಿಸಿ ಇರುವಾಗಲೇ. ಚೆನ್ನಾಗಿತ್ತು, ಆದರೆ ಎಂದಿನಷ್ಟಲ್ಲ. ಆ ಕೊರತೆ ಪ್ರತಿ ತುತ್ತಿಗೂ ಚುಚ್ಚಿತು.

ಗಂಡನ ತುಂಡನ್ನು ಬೇಯಿಸಿರಲಿಲ್ಲ. ಒರೆಸಿ, ಉಪ್ಪು ಸವರಿ, ಜಾಲರಿಯ ಮೇಲೆ ಫ್ರಿಜ್ಜಿನಲ್ಲಿಟ್ಟು ಅವನಿಗೆ ಫೋನ್ ಮಾಡಿದಳು. ಹಸಿವಾಗಿದೆಯಾ ಎಂದು ಕೇಳುವ ಮನಸ್ಸಿತ್ತು, ಬಾಯಿ ಬರಲಿಲ್ಲ.

“ನಿಮ್ಮದನ್ನ ತೆರೆದಿಟ್ಟಿದೀನಿ. ನಾಳೆ ಸಂಜೆ ಮಾಡ್ತೀನಿ. ಅಲ್ಲೀವರೆಗೂ ಕೈ ಹಚ್ಚಬೇಡಿ.”

ಆ ಕಡೆಯಿಂದ ಗಂಡ ಕೇಳಿದ:

“ಒಂದು ತೆಳು ಬಟ್ಟೆನಾದ್ರೂ ಹೊದಿಸಿದೀಯಾ?”

ಆಕೆ ಫೋನ್ ಕಟ್ ಮಾಡಿದಳು.