ಗಾಳಿಗೆ ಪಾಠ ಹೇಳಿದ ಫಲಾತ್ಸೆ

ಜೋಹಾನ್ಸ್‌ಬರ್ಗ್‌ನ ನಮ್ಮ ಭೌತಶಾಸ್ತ್ರ ವಿಭಾಗದ ತಾರಸಿಯಲ್ಲಿ ತನ್ನ ಅಪ್ಪಣೆಯಿಲ್ಲದೆ ಗಾಳಿಯೂ ಬೀಸದು ಎಂಬಂತೆ ಓಡಾಡುತ್ತಿದ್ದವನು ಮೊಯೆಕೆತ್ಸಿ ಫಲಾತ್ಸೆ, ನನ್ನ ಪಕ್ಕದ ಕೋಣೆಯವನು. ಹೂವಿನ ದಳಗಳಂತೆ ರೂಪಿಸಿದ ಲೇಸರ್ ಬೆಳಕನ್ನು ಎದುರು ಗುಡ್ಡದ ಕನ್ನಡಿಗೆ ಬಿಡುತ್ತಿದ್ದ. ಮರಳಿ ಬಂದಾಗ ದಳಗಳು ಎಷ್ಟು ಚದುರಿವೆ ಎಂದು ನೋಡಿ ಗಾಳಿಯ ಕಲಕಾಟವನ್ನು ಹೇಳಲು ಕಂಪ್ಯೂಟರಿಗೆ ಕಲಿಸುತ್ತಿದ್ದ.

ತಾಮ್ರದ ತಂತಿ ಕಳವಾಗಿ ಬೇಸತ್ತ ದೂರವಾಣಿ ಕಂಪನಿಯೊಂದು ಬೆಳಕಿನ ಮೂಲಕವೇ ಮಾತು ಸಾಗಿಸುವ ಯೋಚನೆಯಲ್ಲಿತ್ತು. ಗಾಳಿ ಕಲಕಿದರೆ ಬೆಳಕು ಚದುರಿ ಮಾತು ಕೆಡುತ್ತದೆ, ಅದನ್ನು ಅಳೆಯಲು ಅವನ ಯಂತ್ರ ಬೇಕಿತ್ತು. ಅವರು ಒಪ್ಪಿದರೆ ಅವನ ನೌಕರಿ ಉಳಿಯುತ್ತದೆ. ಇಲ್ಲವಾದರೆ ಡಿಸೆಂಬರಿಗೆ ಮುಗಿಯಿತು.

"ನನಗಿಂತ ಜಾಣ ಆಗ್ಬಿಟ್ಟಿದೆ ಈ ಕಂಪ್ಯೂಟರು," ಎಂದ.

"ಅದೇನು ಮಹಾ ಬಿಡು," ಎಂದೆ.

ಕಂಪನಿಯ ಎಂಜಿನಿಯರ್ ಖಾನ್ಯಿಲೆ ಎಂಬ ಹಿರಿಯ ಹೆಂಗಸು ಬಂದ ಮಧ್ಯಾಹ್ನ ಗುಡುಗಿನ ಮೋಡ ಕಟ್ಟಿತ್ತು. ತಾರಸಿ ಹತ್ತಿದ ಕೂಡಲೇ ಆಕೆಯ ಟೋಪಿ ಹಾರಿಹೋಯಿತು. ಪರದೆಯ ಮೇಲೆ ಮಾತ್ರ 'ಗಾಳಿ ಶಾಂತ' ಎಂದು ಮೂಡಿತು.

"ನನ್ನ ಟೋಪೀನ ಶಾಂತವಾಗೇ ಹೊತ್ಕೊಂಡು ಹೋಯ್ತೇನಪ್ಪಾ?"

"ಯಂತ್ರ ಇನ್ನೂ ಹೊಂದ್ಕೊಳ್ತಿದೆ, ಮಾ," ಎಂದ ಫಲಾತ್ಸೆ.

"ನಾನೂ ಹೊಂದ್ಕೊಳ್ತಿದೀನಿ, ಕೂದಲು ಹಿಡ್ಕೊಂಡು."

ಕಂಪ್ಯೂಟರಿನ ಮುಂದಿದ್ದ ಅವನ ವಿದ್ಯಾರ್ಥಿನಿ ಕೆಲೆಬೊಹಿಲೆ ತಮ್ಮ ಮಾತಿನಲ್ಲಿ 'ಅಯ್ಯಾ' ಎನ್ನುವಂತೆ ಮೆಲ್ಲಗೆ ಕರೆದಳು. "ನ್ತಾತೆ, ಕಲಕಾಟ ಜೋರು ಅಂತ ನಾವು ಕಲಿಸಿದ ಚಿತ್ರ ಎಲ್ಲಾ ಶುಕ್ರವಾರದ್ದೇ."

ಶುಕ್ರವಾರ ಎಂದರೆ ತಾರಸಿಯಲ್ಲಿ ಇಡೀ ವಿಭಾಗದ ಬ್ರಾಯ್. ಕೆಂಡದ ಮೇಲೆ ಮಾಂಸ ಸುಡುವ ಆ ಒಲೆ ಇರುತ್ತಿದ್ದದ್ದು ಬೆಳಕಿನ ದಾರಿಯ ಕೆಳಗೇ. ಇಕ್ಕಳವನ್ನು ಬೇರೆಯವರಿಗೆ ಮುಟ್ಟಗೊಡದೆ ಬೆಂಕಿಯ ಯಜಮಾನಿಕೆ ನಡೆಸುತ್ತಿದ್ದವನು ಫಲಾತ್ಸೆಯೇ. ಇನ್ನು ಮೋಡ ಕಂಡರಂತೂ ಲೇಸರ್ ನೆನೆದೀತೆಂದು ಒಳಗೆ ಹೊತ್ತೊಯ್ಯುತ್ತಿದ್ದ. ಯಂತ್ರ ಕಲಿತದ್ದು ಕೆಂಡದ ಝಳವನ್ನು. ಬಿರುಗಾಳಿಯನ್ನು ಅದು ಕಂಡೇ ಇರಲಿಲ್ಲ.

"ಒಲೆ ಹಚ್ಚಿ ಎರಡು ಸಾಸೇಜ್ ಇಟ್ಬಿಡ್ಲಾ?" ಎಂದು ಕಾರ್ಯಾಗಾರದ ಮುದುಕ ಫಾನೀ ಅವನ ಕಿವಿಯಲ್ಲಿ ಉಸುರಿದ. "ತಕ್ಷಣ ಜೋರು ಅನ್ನುತ್ತೆ. ಆಯಮ್ಮಂಗೇನು ಗೊತ್ತಾಗುತ್ತೆ?"

ಫಲಾತ್ಸೆ ಒಲೆಯ ಕಡೆ ನೋಡಿದ. ಸ್ವಲ್ಪ ಹೊತ್ತೇ ನೋಡಿದ. ಆಮೇಲೆ ತಿರುಗಿ, "ಮಾ, ಇದಕ್ಕೆ ನಮ್ಮ ಅಡುಗೆ ಮಾತ್ರ ಗೊತ್ತು. ಗಾಳಿ ಗೊತ್ತಿಲ್ಲ," ಎಂದ.

"ಮತ್ತೆ ಕಲಿಸೋಕೆ ಎಷ್ಟು ದಿನ?"

"ಒಂದಿಡೀ ಮಳೆಗಾಲ ಬೇಕು."

"ನಾನು ಸೋಮವಾರ ಕಂಪನಿಗೆ ಹೇಳ್ಬೇಕು ಕಣಪ್ಪಾ." ಆಕೆ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಭುಜ ತಟ್ಟಿ ಮೆಟ್ಟಿಲಿಳಿದಳು.

ಆಲಿಕಲ್ಲು ಶುರುವಾಯಿತು. ನಾವು ಬಾಗಿಲಿಗೆ ಓಡಿದೆವು. ಲೇಸರ್ ತರಲು ಹೊರಟ ಕೆಲೆಬೊಹಿಲೆಯನ್ನು ಅವನು ತಡೆದ.

"ಇರ್ಲಿ ಬಿಡಮ್ಮ, ಬಿರುಗಾಳೀನ ಅದೂ ನೋಡ್ಲಿ."

ಹೊಸ್ತಿಲಲ್ಲಿ ನಿಂತು ತಾನೂ ನೋಡುತ್ತಿದ್ದ. ಪರದೆ ಆಗಲೂ ಶಾಂತ ಎನ್ನುತ್ತಿತ್ತು, ಆಮೇಲೆ ನೆನೆದು ಅದೂ ಆರಿತು.